ಎಣ್ಣೆಯ ಲೆಕ್ಕ: ಎಷ್ಟು, ಹೇಗೆ, ಯಾವುದರ ಬದಲಿಗೆ?



ಎಣ್ಣೆ ನಗರಿ ಎಂದು ಹೆಸರಾದ ಚಳ್ಳಕೆರೆಯಲ್ಲಿ ಎಣ್ಣೆಯ ಬಗ್ಗೆ ಮಾತನಾಡಲು ಒಪ್ಪಿಕೊಂಡಿದ್ದೇ ನನ್ನ ಧೈರ್ಯ. ಈ ಸಭೆಯಲ್ಲಿ ಶೇಂಗಾ ಬಿತ್ತಿ ಮಳೆಗಾಗಿ ಮುಗಿಲು ನೋಡಿದವರಿದ್ದೀರಿ. ಮಿಲ್ಲು ನಡೆಸಿದವರಿದ್ದೀರಿ. ಒಂದು ಹಿಡಿ ಕಾಳು ಅಂಗೈಯಲ್ಲಿಟ್ಟು ಉಜ್ಜಿ, ಕ್ವಿಂಟಲಿಗೆ ಎಷ್ಟು ಎಣ್ಣೆ ಇಳಿದೀತು ಎಂದು ಹೇಳಬಲ್ಲವರೂ ಇದ್ದೀರಿ. ಎಣ್ಣೆ ತೆಗೆಯುವ ವಿದ್ಯೆಯಲ್ಲಿ ನಾನು ನಿಮಗೆ ಹೇಳಿಕೊಡುವಂಥದ್ದು ಏನೂ ಇಲ್ಲ. ಆಹಾರ ವಿಜ್ಞಾನ ಪಾಠ ಮಾಡಿಕೊಂಡು ಬಂದವಳು ನಾನು. ಎಣ್ಣೆ ಡಬ್ಬದಿಂದ ಬಾಣಲೆಗೆ ಇಳಿದು, ಅಲ್ಲಿಂದ ನಮ್ಮ ರಕ್ತಕ್ಕೆ ಸೇರಿದ ಮೇಲೆ ಏನಾಗುತ್ತದೆ ಎಂಬುದಷ್ಟೇ ನನ್ನ ಪಾಲಿನ ವಿಷಯ.

ಇಂಥ ಉಪನ್ಯಾಸ ಮುಗಿದ ಮೇಲೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಮೇಡಂ, ಅದೆಲ್ಲ ಇರಲಿ, ಯಾವ ಎಣ್ಣೆ ಒಳ್ಳೇದು ಹೇಳಿ." ಒಂದು ಹೆಸರು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಕಳೆದ ನೂರು ವರ್ಷಗಳಲ್ಲಿ ಎಣ್ಣೆ-ಕೊಬ್ಬಿನ ವಿಚಾರದಲ್ಲಿ ಜಗತ್ತು ಎಡವಿದ್ದು ಬಹುಮಟ್ಟಿಗೆ ಈ ಒಂದೇ ಪ್ರಶ್ನೆಗೆ ಜೋತುಬಿದ್ದದ್ದರಿಂದ. ಅದರ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಬೇಕು. ಎಷ್ಟು ತಿಂದಿರಿ? ಹೇಗೆ ಕಾಯಿಸಿದಿರಿ? ಯಾವುದನ್ನು ಬಿಟ್ಟು ಅದರ ಬದಲಿಗೆ ಇದನ್ನು ತಿಂದಿರಿ? ಮೂರರಲ್ಲಿ ಕೊನೆಯದೇ ಹಿರಿದು. ಎಲ್ಲರೂ ಮರೆಯುವುದೂ ಅದನ್ನೇ. ಈ ಹೊತ್ತಿನ ನನ್ನ ಮಾತೆಲ್ಲ ಅದರ ಸುತ್ತ.

ಕೊಬ್ಬು ಬೇಕೇ ಬೇಕು

ಮೊದಲು ಒಂದು ಭಯ ಕಳೆಯೋಣ. ಎಣ್ಣೆ, ತುಪ್ಪ ಎಂದೊಡನೆ ಹೃದಯಾಘಾತ ನೆನಪಾಗುವ ಕಾಲವಿದು. ಹಿಟ್ಟು, ಬೇಳೆಗಳಿಂದ ಗ್ರಾಮಿಗೆ 4 ಕಿಲೊ ಕ್ಯಾಲೊರಿ ಸಿಕ್ಕರೆ ಕೊಬ್ಬಿನಿಂದ 9 ಸಿಗುತ್ತದೆ. ಹಾಗಾಗಿ ಅದು ಬರೀ ಶಕ್ತಿಯ ಮೂಟೆ, ಬೇಕೆಂದರೆ ದೇಹವೇ ಅದನ್ನು ಹಿಟ್ಟಿನಿಂದ ತಯಾರಿಸಿಕೊಳ್ಳುತ್ತದೆ ಎಂದು ವಿಜ್ಞಾನಿಗಳೂ ಬಹುಕಾಲ ನಂಬಿದ್ದರು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಬರ್ ಮತ್ತು ಮಿಲ್‌ಡ್ರೆಡ್ ಬರ್ ದಂಪತಿ 1929ರಲ್ಲಿ ಈ ನಂಬಿಕೆಯನ್ನು ಅಲುಗಾಡಿಸಿದರು. ಉಳಿದೆಲ್ಲ ಪೋಷಕಾಂಶ ಕೊಟ್ಟು, ಕೊಬ್ಬನ್ನು ಮಾತ್ರ ಪೂರ್ತಿ ತೆಗೆದ ಆಹಾರವನ್ನು ಇಲಿಗಳಿಗೆ ಹಾಕಿದಾಗ ಅವುಗಳ ಬೆಳವಣಿಗೆ ನಿಂತಿತು, ಚರ್ಮ ಒಡೆಯಿತು, ಬಾಲದ ಮೇಲೆ ಹೊಪ್ಪಳೆ ಎದ್ದಿತು. ಲಿನೋಲೆಯಿಕ್ ಎಂಬ ಕೊಬ್ಬಿನ ಆಮ್ಲವನ್ನು ತುಸು ಕೊಟ್ಟರೆ ಚೇತರಿಸಿಕೊಂಡವು. ದೇಹ ತಾನಾಗಿ ತಯಾರಿಸಿಕೊಳ್ಳಲಾಗದ, ಆಹಾರದಿಂದಲೇ ಬರಬೇಕಾದ ಕೊಬ್ಬುಗಳಿವೆ ಎಂದು ಅಂದು ತಿಳಿಯಿತು. ಇವತ್ತು ಅಂಥವು ಎರಡು ಎಂದು ಹೇಳುತ್ತೇವೆ: ಒಮೆಗಾ-6 ಗುಂಪಿನ ಲಿನೋಲೆಯಿಕ್ ಆಮ್ಲ, ಒಮೆಗಾ-3 ಗುಂಪಿನ ಆಲ್ಫಾ ಲಿನೋಲೆನಿಕ್ ಆಮ್ಲ.

ಎ, ಡಿ, ಇ, ಕೆ ವಿಟಮಿನ್‌ಗಳು ಕರಗುವುದು ಕೊಬ್ಬಿನಲ್ಲಿ. ಹಸಿರು ಸೊಪ್ಪಿನಲ್ಲಿ, ಗಜ್ಜರಿಯಲ್ಲಿ ಇರುವ ಕೆರೊಟಿನ್ ವಿಟಮಿನ್ ಎ ಆಗಿ ನಮಗೆ ದಕ್ಕಬೇಕಾದರೆ ಜೊತೆಗೆ ಚೂರು ಎಣ್ಣೆ ಬೇಕು. ಸೊಪ್ಪಿನ ಸಾರಿಗೆ ಒಗ್ಗರಣೆ ಹಾಕುವುದು ರುಚಿಗೆ ಮಾತ್ರವಲ್ಲ. ಸಾಸಿವೆ, ಇಂಗು, ಒಣಮೆಣಸಿನ ಪರಿಮಳವನ್ನು ಹಿಡಿದಿಡುವ ಅದೇ ಒಂದು ಚಮಚ ಎಣ್ಣೆ ಕೆರೊಟಿನ್ನನ್ನೂ ಕರುಳು ದಾಟಿಸುತ್ತದೆ. ತಾಯಿಯ ಹಾಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬರುವುದು ಕೊಬ್ಬಿನಿಂದ. ಕೂಸಿನ ಮಿದುಳು ಕಟ್ಟಿಕೊಳ್ಳುವುದಕ್ಕೆ ಅದು ಬೇಕು. ಹಾಗಾಗಿ ಅಪ್ಪನಿಗೆ ಡಾಕ್ಟರು ಎಣ್ಣೆ ಕಡಿಮೆ ಮಾಡಿ ಎಂದ ಮಾತ್ರಕ್ಕೆ ಎರಡು ವರ್ಷದೊಳಗಿನ ಮಗುವಿನ ಅನ್ನಕ್ಕೆ ಹಾಕುವ ತುಪ್ಪವನ್ನು ನಿಲ್ಲಿಸಬಾರದು. ಮನೆಯಲ್ಲಿ ಒಬ್ಬೊಬ್ಬರ ಲೆಕ್ಕ ಒಂದೊಂದು.

ನೆಟ್ಟಗಿನ ಸೌದೆ, ಸೊಟ್ಟ ಸೌದೆ

ಕೊಬ್ಬಿನ ಆಮ್ಲವೆಂದರೆ ಇಂಗಾಲದ ಉದ್ದ ಸರಪಳಿ. ಅದರಲ್ಲಿ ಎಲ್ಲೂ ಜೋಡಿ ಬಂಧವಿಲ್ಲದಿದ್ದರೆ ಪರ್ಯಾಪ್ತ, ಒಂದಿದ್ದರೆ ಏಕ ಅಪರ್ಯಾಪ್ತ, ಎರಡು ಅಥವಾ ಹೆಚ್ಚಿದ್ದರೆ ಬಹು ಅಪರ್ಯಾಪ್ತ. ಜೋಡಿ ಬಂಧ ಇರುವಲ್ಲಿ ಸರಪಳಿ ಬಾಗುತ್ತದೆ. ನೆಟ್ಟಗಿನ ಸೌದೆಯನ್ನು ಒತ್ತಾಗಿ ಪೇರಿಸಬಹುದು, ಸೊಟ್ಟ ಸೌದೆ ಪೇರಿಸಿದಷ್ಟೂ ಜಾರುತ್ತದೆ. ಹಾಗೆಯೇ ಪರ್ಯಾಪ್ತ ಕೊಬ್ಬು ಹೆಚ್ಚಿರುವ ತುಪ್ಪ ಚಳಿಗೆ ಗಟ್ಟಿಯಾಗುತ್ತದೆ, ಕೊಬ್ಬರಿ ಎಣ್ಣೆ ಧನುರ್ಮಾಸದಲ್ಲಿ ಶೀಶೆಯಿಂದ ಇಳಿಯುವುದಿಲ್ಲ. ಸೂರ್ಯಕಾಂತಿ ಎಣ್ಣೆ ಫ್ರಿಜ್ಜಿನಲ್ಲಿಟ್ಟರೂ ಹರಿಯುತ್ತದೆ.

ಯಾವ ಎಣ್ಣೆಯೂ ಒಂದೇ ಬಗೆಯ ಕೊಬ್ಬಲ್ಲ, ಎಲ್ಲವೂ ಮಿಶ್ರಣವೇ. ನಿಮ್ಮೂರಿನ ಶೇಂಗಾ ಎಣ್ಣೆಯಲ್ಲಿ ಸುಮಾರು ಅರ್ಧ ಏಕ ಅಪರ್ಯಾಪ್ತ, ಸುಮಾರು ಶೇ. 30 ಬಹು ಅಪರ್ಯಾಪ್ತ, ಉಳಿದದ್ದು ಪರ್ಯಾಪ್ತ. ಎಳ್ಳೆಣ್ಣೆಯಲ್ಲಿ ಮೊದಲೆರಡು ಹೆಚ್ಚುಕಡಿಮೆ ಸಮಸಮ. ಸೂರ್ಯಕಾಂತಿ, ಕುಸುಬೆ, ಹುಚ್ಚೆಳ್ಳು ಎಣ್ಣೆಗಳಲ್ಲಿ ಲಿನೋಲೆಯಿಕ್ ಆಮ್ಲದ್ದೇ ಮೇಲುಗೈ; ಕುಸುಬೆಯಲ್ಲಂತೂ ಮುಕ್ಕಾಲು ಪಾಲು. ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧ ಪರ್ಯಾಪ್ತ. ತುಪ್ಪದಲ್ಲಿ ಶೇ. 60ಕ್ಕೂ ಮೀರಿ, ಕೊಬ್ಬರಿ ಎಣ್ಣೆಯಲ್ಲಿ ಶೇ. 90ರ ಆಸುಪಾಸು. ಒಮೆಗಾ-3 ಮಾತ್ರ ಇವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಸೋಯಾ ಎಣ್ಣೆಗೋ ಸಾಸಿವೆ ಎಣ್ಣೆಗೋ ಹೋಗಬೇಕು, ಇಲ್ಲವೇ ಅಗಸೆಗೆ. ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಫಾ ಲಿನೋಲೆನಿಕ್ ಆಮ್ಲವಿದೆ. ಉತ್ತರ ಕರ್ನಾಟಕದ ಊಟದಲ್ಲಿ ರೊಟ್ಟಿಯ ಪಕ್ಕ ಬರುವ ಅಗಸಿ ಚಟ್ನಿ ಪುಡಿ ಈ ಲೆಕ್ಕದಲ್ಲಿ ಬಹಳ ಜಾಣ ಪದಾರ್ಥ. ಅಗಸೆಯನ್ನು ಕುಟ್ಟಿ ಪುಡಿ ಮಾಡುವುದರಲ್ಲೂ ಅರ್ಥವಿದೆ. ಇಡಿ ಕಾಳು ನುಂಗಿದರೆ ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಮೀನಿನಿಂದ ಇನ್ನೂ ಉತ್ತಮ ದರ್ಜೆಯ ಒಮೆಗಾ-3 ಸಿಗುತ್ತದೆ.

ದಾಲ್ಡಾ ಕಲಿಸಿದ ಪಾಠ

ಈಗ ನನ್ನ ಮೂರನೇ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಮೊದಲ ಸಾಕ್ಷಿ ನಮ್ಮ ಅಡುಗೆಮನೆಯದೇ.

ದ್ರವರೂಪದ ಎಣ್ಣೆಗೆ ನಿಕ್ಕಲ್ ಬೆರೆಸಿ, ಕಾಯಿಸಿ, ಜಲಜನಕ ಹಾಯಿಸಿದರೆ ಅದು ತುಪ್ಪದಂತೆ ಗಟ್ಟಿಯಾಗುತ್ತದೆ. ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ 1902ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಭಾರತದಲ್ಲಿ ಈ ವಿದ್ಯೆಗೆ ಮನೆಮಾತಾದ ಹೆಸರು ದಾಲ್ಡಾ. 1937ರಿಂದ ಮಾರುಕಟ್ಟೆಯಲ್ಲಿದ್ದ, ತಾಳೆ ಮರದ ಚಿತ್ರದ ಡಬ್ಬ. ಆ ದಶಕಗಳಲ್ಲಿ ವನಸ್ಪತಿ ಎನ್ನುವ ಈ ಗಟ್ಟಿ ಎಣ್ಣೆಗೆ ಮುಖ್ಯ ಕಚ್ಚಾವಸ್ತು ಶೇಂಗಾ ಎಣ್ಣೆಯೇ ಆಗಿತ್ತು. ತುಪ್ಪ ಕೊಳ್ಳಲಾಗದ ಮನೆಗೆ ತುಪ್ಪದ ಬದಲಿಗೆ ಅದು ಬಂತು. ತುಪ್ಪಕ್ಕೇ ಕಲಬೆರಕೆಯಾಗಿಯೂ ಬಂತು. ಅದನ್ನು ಹಿಡಿಯಲು ಸರ್ಕಾರ ಒಂದು ಜಾಣ ಉಪಾಯ ಹೂಡಿತು. ವನಸ್ಪತಿಗೆ ಕನಿಷ್ಠ ಶೇ. 5ರಷ್ಟು ಎಳ್ಳೆಣ್ಣೆ ಸೇರಿಸುವುದನ್ನು ಕಡ್ಡಾಯ ಮಾಡಿತು. ಅನುಮಾನ ಬಂದ ತುಪ್ಪಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್ಫ್ಯುರಲ್ ಹಾಕಿ ಕುಲುಕಿದರೆ, ಎಳ್ಳೆಣ್ಣೆಯ ಅಂಶವಿದ್ದಲ್ಲಿ ಆಮ್ಲದ ಪದರ ಕೆಂಪಗೆ ತಿರುಗುತ್ತದೆ. ಬೋದುವಾ ಪರೀಕ್ಷೆ ಎಂದು ನಮ್ಮ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಇದನ್ನು ಮಾಡುತ್ತಿದ್ದರು. ಶೀಶೆಯ ತಳ ಕೆಂಪಗಾದಾಗ ಕೊಠಡಿಯಲ್ಲಿ ಗುಸುಗುಸು ಏಳುತ್ತಿತ್ತು, ತುಪ್ಪ ಯಾರ ಮನೆಯದು ಎಂದು.

ಕಲಬೆರಕೆಯನ್ನು ಹಿಡಿಯಲು ಇಷ್ಟು ಬುದ್ಧಿ ಓಡಿಸಿದವರಿಗೆ ಡಬ್ಬದೊಳಗಿನ ನಿಜವಾದ ಅಪಾಯ ಕಾಣಲಿಲ್ಲ. ಜಲಜನಕ ಅರೆಬರೆ ಸೇರಿದಾಗ ಉಳಿದ ಜೋಡಿ ಬಂಧಗಳು ತಿರುಚಿಕೊಂಡು, ಬಾಗಿದ ಸರಪಳಿ ನೆಟ್ಟಗಾಗುತ್ತದೆ. ಅದೇ ಟ್ರಾನ್ಸ್ ಕೊಬ್ಬು. ಅಮೆರಿಕದ ಫ್ರೆಡ್ ಕುಮರೊ ಹೃದ್ರೋಗದಿಂದ ಸತ್ತವರ ರಕ್ತನಾಳಗಳಲ್ಲಿ ಇದು ಇರುವುದನ್ನು 1957ರಲ್ಲೇ ಪ್ರಕಟಿಸಿದರು. ಕೇಳುವವರು ಇರಲಿಲ್ಲ. 1990ರಲ್ಲಿ ನೆದರ್‌ಲ್ಯಾಂಡ್ಸ್‌ನ ಮೆನ್ಸಿಂಕ್ ಮತ್ತು ಕಾಟನ್ ಅವರ ಪ್ರಯೋಗ ವಿಷಯವನ್ನು ಸ್ಪಷ್ಟಗೊಳಿಸಿತು. ಪರ್ಯಾಪ್ತ ಕೊಬ್ಬು ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಅನ್ನು ಏರಿಸುತ್ತದೆ. ಟ್ರಾನ್ಸ್ ಕೊಬ್ಬು ಅದನ್ನೂ ಏರಿಸಿ, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಅನ್ನೂ ಇಳಿಸುತ್ತದೆ. ಡೆನ್ಮಾರ್ಕ್ 2003ರಲ್ಲಿ ಕಾನೂನಿನಿಂದ ಇದಕ್ಕೆ ಮಿತಿ ಹಾಕಿತು. ಕುಮರೊ ನೂರರ ಗಡಿ ದಾಟಿದ ಮೇಲೆ, 2015ರಲ್ಲಿ, ಅಮೆರಿಕ ಸರ್ಕಾರ ಅವರ ಮಾತಿಗೆ ತಲೆಬಾಗಿತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ-ಕೊಬ್ಬುಗಳಲ್ಲಿ ಟ್ರಾನ್ಸ್ ಅಂಶವನ್ನು 2021ರ ಜನವರಿಯಿಂದ ಶೇ. 3ಕ್ಕೆ, 2022ರ ಜನವರಿಯಿಂದ ಶೇ. 2ಕ್ಕೆ ಇಳಿಸಿತು.

ಶೇಂಗಾ ಎಣ್ಣೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಈ ಕಥೆಗೆ ಉತ್ತರವಿಲ್ಲ. ಅದೇ ಎಣ್ಣೆಯನ್ನು ತುಪ್ಪದ ಬದಲಿಗೆ ನಿಲ್ಲಿಸಲು ಹೋಗಿ, ತುಪ್ಪಕ್ಕಿಂತ ಕೆಟ್ಟ ವಸ್ತುವನ್ನು ತಯಾರಿಸಿ ಬಡವರ ತಟ್ಟೆಗೆ ಬಡಿಸಿದೆವು.

ಕ್ರೀಟ್, ಫಿನ್‌ಲ್ಯಾಂಡ್, ಮಾರಿಷಸ್

ಎರಡನೇ ಸಾಕ್ಷಿಗಾಗಿ ಹೊರಗೆ ಹೋಗೋಣ. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1958ರಲ್ಲಿ ಆರಂಭಿಸಿದ ಏಳು ದೇಶಗಳ ಅಧ್ಯಯನದಲ್ಲಿ ಪೂರ್ವ ಫಿನ್‌ಲ್ಯಾಂಡಿನ ಗಂಡಸರೂ ಗ್ರೀಸಿನ ಕ್ರೀಟ್ ದ್ವೀಪದ ಗಂಡಸರೂ ಇದ್ದರು. ಇಬ್ಬರೂ ತಮ್ಮ ಶಕ್ತಿಯ ಸುಮಾರು ಶೇ. 40ರಷ್ಟನ್ನು ಕೊಬ್ಬಿನಿಂದಲೇ ಪಡೆಯುತ್ತಿದ್ದರು. ಹೃದ್ರೋಗದ ಸಾವಿನಲ್ಲಿ ಫಿನ್‌ಲ್ಯಾಂಡ್ ತುತ್ತತುದಿಯಲ್ಲಿ, ಕ್ರೀಟ್ ತೀರ ಕೆಳಗೆ. ಒಬ್ಬರದು ಬೆಣ್ಣೆ, ಇನ್ನೊಬ್ಬರದು ಆಲಿವ್ ಎಣ್ಣೆ. 1972ರಲ್ಲಿ ಫಿನ್‌ಲ್ಯಾಂಡಿನ ಉತ್ತರ ಕರೇಲಿಯಾ ಪ್ರಾಂತ್ಯದಲ್ಲಿ ಪೆಕ್ಕ ಪುಸ್ಕಾ ಎಂಬ ಯುವ ವೈದ್ಯ ಜನರನ್ನು ಬೆಣ್ಣೆಯಿಂದ ಸಸ್ಯಜನ್ಯ ಎಣ್ಣೆಗೆ ತಿರುಗಿಸುವ, ಬೀಡಿ-ಸಿಗರೇಟು ಬಿಡಿಸುವ, ರಕ್ತದೊತ್ತಡ ಇಳಿಸುವ ದೊಡ್ಡ ಯೋಜನೆ ಕೈಗೆತ್ತಿಕೊಂಡರು. ನಾಲ್ಕು ದಶಕಗಳಲ್ಲಿ ಅಲ್ಲಿನ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇ. 80ಕ್ಕಿಂತ ಹೆಚ್ಚು ಇಳಿಯಿತು.

ಮಾರಿಷಸ್ ಕಥೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿನ ಬಹುಪಾಲು ಜನ ಭಾರತ ಮೂಲದವರು. 1987ರಲ್ಲಿ ಸರ್ಕಾರ ಪಡಿತರದ ಅಡುಗೆ ಎಣ್ಣೆಯನ್ನು ಬದಲಿಸಿತು. ಬಹುಪಾಲು ತಾಳೆ ಎಣ್ಣೆಯಾಗಿದ್ದ ಕಡೆ ಸೋಯಾ ಎಣ್ಣೆ ಬಂತು. ಜನರಿಗೆ ಭಾಷಣ ಹೆಚ್ಚು ಬೇಕಾಗಲಿಲ್ಲ. ಅಂಗಡಿಯಲ್ಲಿ ಸಿಗುವುದೇ ಬೇರೆಯಾಗಿತ್ತು. ಐದು ವರ್ಷಗಳಲ್ಲಿ ಅಲ್ಲಿನ ವಯಸ್ಕರ ಸರಾಸರಿ ಕೊಲೆಸ್ಟ್ರಾಲ್ ಡೆಸಿಲೀಟರಿಗೆ ಸುಮಾರು 30 ಮಿಲಿಗ್ರಾಂ ಕೆಳಗಿಳಿಯಿತು.

ಇದಕ್ಕೆ ತದ್ವಿರುದ್ಧ ಉದಾಹರಣೆ ಅಮೆರಿಕದ್ದು. 1977ರ ಸೆನೆಟ್ ಸಮಿತಿಯ ವರದಿಯ ನಂತರ ಅಲ್ಲಿ 'ಕೊಬ್ಬು ಕಡಿಮೆ' ಎನ್ನುವುದು ಮಂತ್ರವಾಯಿತು. ಕಾರ್ಖಾನೆಗಳು ಕೊಬ್ಬು ತೆಗೆದ ಬಿಸ್ಕತ್ತು, ಮೊಸರು, ಕೇಕ್ ತಂದವು. ಕೊಬ್ಬು ತೆಗೆದ ಜಾಗಕ್ಕೆ ಸಕ್ಕರೆ, ಮೈದಾ ತುಂಬಿದವು. ಬೊಜ್ಜೂ ಸಕ್ಕರೆ ಕಾಯಿಲೆಯೂ ಏರುತ್ತಲೇ ಹೋದವು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಇರುವ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿದ್ದು ಇದು: ಪರ್ಯಾಪ್ತ ಕೊಬ್ಬನ್ನು ತೆಗೆದು ಆ ಜಾಗಕ್ಕೆ ಬಹು ಅಪರ್ಯಾಪ್ತ ಎಣ್ಣೆ ತಂದ ಪ್ರಯೋಗಗಳಲ್ಲಿ ಹೃದಯ-ರಕ್ತನಾಳದ ಕಾಯಿಲೆ ಸುಮಾರು ಶೇ. 30 ತಗ್ಗಿದೆ. ಮೈದಾ, ಸಕ್ಕರೆ ತಂದರೆ ಲಾಭವಿಲ್ಲ.

ಈ ಮಾತು ನಮಗೆ ನೇರವಾಗಿ ತಗಲುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ 2025ರ ವರದಿ ಪ್ರಕಾರ, ಭಾರತೀಯರ ಶಕ್ತಿಯಲ್ಲಿ ಸುಮಾರು ಶೇ. 62 ಬರುವುದು ಅನ್ನ, ಗೋಧಿ, ಸಕ್ಕರೆಯಂಥ ಕಾರ್ಬೊಹೈಡ್ರೇಟಿನಿಂದ. ಎಣ್ಣೆ ಬಿಟ್ಟೆ ಎಂದು ಹೆಮ್ಮೆಪಡುವವರು ಪಲ್ಯಕ್ಕೆ ಒಗ್ಗರಣೆ ಬಿಟ್ಟು, ತಟ್ಟೆಗೆ ಇನ್ನೊಂದು ಸೌಟು ಬಿಳಿ ಅನ್ನ ಹಾಕಿಕೊಂಡರೆ ಏನು ಬಂತು? ಎಣ್ಣೆ ಕಡಿಮೆ ಮಾಡಿದಾಗ ಹೊಟ್ಟೆಯಲ್ಲಿ ಖಾಲಿಯಾದ ಜಾಗಕ್ಕೆ ಕಾಳು ಬರಬೇಕು, ತರಕಾರಿ ಬರಬೇಕು, ಒಂದು ಹಿಡಿ ಶೇಂಗಾ ಬರಬೇಕು.

ತೆಂಗು ಮತ್ತು ತುಪ್ಪ

ಈ ಎರಡರ ಬಗ್ಗೆ ಮಾತನಾಡುವಾಗ ಮೈಯೆಲ್ಲ ಕಣ್ಣಾಗಿರಬೇಕು, ಎರಡಕ್ಕೂ ಭಕ್ತರಿದ್ದಾರೆ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚು ಇರುವುದು ಲಾರಿಕ್ ಆಮ್ಲ. ಅದು 'ಮಧ್ಯಮ ಸರಪಳಿ'ಯದು, ನೇರವಾಗಿ ಉರಿದು ಹೋಗುತ್ತದೆ, ಕೊಬ್ಬಾಗಿ ಕೂರುವುದಿಲ್ಲ ಎಂಬ ಪ್ರಚಾರವಿದೆ. ಆ ಮಾತಿಗೆ ಆಧಾರವಾದ ಪ್ರಯೋಗಗಳು ನಡೆದದ್ದು 8 ಮತ್ತು 10 ಇಂಗಾಲದ ಸರಪಳಿಗಳ ಮೇಲೆ. ಲಾರಿಕ್‌ನಲ್ಲಿ 12 ಇಂಗಾಲ; ಕರುಳಿನಲ್ಲಿ ಅದು ಬಹುಮಟ್ಟಿಗೆ ಉದ್ದ ಸರಪಳಿಯವರ ದಾರಿಯನ್ನೇ ಹಿಡಿಯುತ್ತದೆ. 2020ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಸೂರ್ಯಕಾಂತಿ, ಸೋಯಾದಂಥ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಎಲ್‌ಡಿಎಲ್ ಅನ್ನು ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಏರಿಸುವುದು ಕಂಡಿತು. ಎಚ್‌ಡಿಎಲ್ ಕೂಡ ಸುಮಾರು 4 ಮಿಲಿಗ್ರಾಂ ಏರಿತ್ತು. ಕೊಚ್ಚಿಯಲ್ಲಿ ಹೃದ್ರೋಗಿಗಳ ಮೇಲೆ ಎರಡು ವರ್ಷ ನಡೆದ ಪ್ರಯೋಗದಲ್ಲಿ ಕೊಬ್ಬರಿ ಎಣ್ಣೆಗೂ ಸೂರ್ಯಕಾಂತಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ ಎಂಬುದೂ ನಿಜ. ಆ ರೋಗಿಗಳು ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು ಎಂಬುದನ್ನು ಸೇರಿಸಿಯೇ ಹೇಳಬೇಕು. ಚಟ್ನಿಗೆ ಅರೆದ ಕಾಯಿಯಲ್ಲಿ ನಾರಿದೆ, ಪ್ರೋಟೀನಿದೆ. ಅದನ್ನು ತಿನ್ನುವುದೂ ಎಣ್ಣೆ ಚಮಚದಲ್ಲಿ ಕುಡಿಯುವುದೂ ಒಂದೇ ಅಲ್ಲ.

ತುಪ್ಪಕ್ಕೆ ಒಂದು ಲೆಕ್ಕ ಕೊಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಪರ್ಯಾಪ್ತ ಕೊಬ್ಬು ದಿನದ ಶಕ್ತಿಯ ಶೇ. 10ನ್ನು ಮೀರಬಾರದು ಎನ್ನುತ್ತದೆ. 2,000 ಕಿಲೊ ಕ್ಯಾಲೊರಿ ಊಟಕ್ಕೆ ಅದು 22 ಗ್ರಾಂ. ಒಂದು ಚಿಕ್ಕ ಚಮಚ ತುಪ್ಪದಲ್ಲಿ ಸುಮಾರು 3 ಗ್ರಾಂ ಇರುತ್ತದೆ. ಹೋಳಿಗೆಯ ಮೇಲೆ, ಬಿಸಿ ಅನ್ನ-ತೊವ್ವೆಯ ಮೇಲೆ ಚಮಚ ತುಪ್ಪ ಹಾಕಿಕೊಳ್ಳುವವರನ್ನು ಈ ಲೆಕ್ಕ ಹೆದರಿಸುವುದಿಲ್ಲ. ಬೆಳಿಗ್ಗೆ ಬೆಣ್ಣೆ ದೋಸೆ, ಮಧ್ಯಾಹ್ನ ತುಪ್ಪದ ಅನ್ನ, ನಾಲ್ಕು ಗಂಟೆಗೆ ಪಫ್ಸ್, ರಾತ್ರಿ ಕುರ್ಮಾ ಎಂದಾದವರನ್ನು ಹೆದರಿಸಲೇಬೇಕು.

ಗಾಣ, ಮಿಲ್ಲು, ರಿಫೈನರಿ

ಮರದ ಗಾಣ ಮತ್ತೆ ಬಂದಿದೆ, ಒಳ್ಳೆಯದೇ. ಗಾಣದ ಎಣ್ಣೆಯಲ್ಲಿ ಬಣ್ಣ, ಪರಿಮಳ, ವಿಟಮಿನ್ ಇ ಹೆಚ್ಚು ಉಳಿಯುತ್ತವೆ. ಗಾಣ ಹಿಂಡದೆ ಬಿಟ್ಟ ಎಣ್ಣೆಯನ್ನು ಎಕ್ಸ್‌ಪೆಲ್ಲರ್ ಹಿಂಡುತ್ತದೆ. ಎಕ್ಸ್‌ಪೆಲ್ಲರ್ ಬಿಟ್ಟದ್ದನ್ನು ಹೆಕ್ಸೇನ್ ದ್ರಾವಕ ತೊಳೆದು ತೆಗೆಯುತ್ತದೆ; ಹಿಂಡಿಯಲ್ಲಿ ಶೇ. 1ರಷ್ಟೂ ಉಳಿಯುವುದಿಲ್ಲ. ಹೀಗೆ ಬಂದ ಎಣ್ಣೆಯ ಅಂಟು ತೆಗೆದು, ಕ್ಷಾರದಿಂದ ಆಮ್ಲ ಕಳೆದು, ಮಣ್ಣಿನಲ್ಲಿ ಬಣ್ಣ ಸೋಸಿ, 200 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ನಿರ್ವಾತದಡಿ ವಾಸನೆ ಹಾರಿಸಿದರೆ ರಿಫೈನ್ಡ್ ಎಣ್ಣೆ. ಇದರಲ್ಲಿ ಪರಿಮಳದ ಜೊತೆ ಕೆಲವು ಒಳ್ಳೆಯ ಅಂಶಗಳೂ ಹೋಗುತ್ತವೆ. ಆದರೆ ಕೊಬ್ಬಿನ ಆಮ್ಲಗಳ ಪ್ರಮಾಣ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಗಾಣದ್ದಾದರೂ ರಿಫೈನ್ಡ್ ಆದರೂ ಗ್ರಾಮಿಗೆ 9 ಕಿಲೊ ಕ್ಯಾಲೊರಿಯೇ.

ಗಾಣದ ಅಭಿಮಾನಿಗಳಿಗೆ ಒಂದು ಎಚ್ಚರಿಕೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಮೂಲ ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿದ್ದ ಬೂಷ್ಟಿನ ವಿಷ. ಅಫ್ಲಟಾಕ್ಸಿನ್ ಜಗತ್ತಿಗೆ ಗೊತ್ತಾದದ್ದು ಹೀಗೆ. ಯಕೃತ್ತಿನ ಕ್ಯಾನ್ಸರಿಗೆ ಅದು ಕಾರಣವಾಗಬಲ್ಲದು. ಬೂಷ್ಟು ಹಿಡಿದ ಕಾಳು ಹಿಂಡಿದರೆ ವಿಷದ ಬಹುಪಾಲು ಹಿಂಡಿಗೆ ಹೋಗುತ್ತದೆ, ಒಂದಿಷ್ಟು ಎಣ್ಣೆಗೂ ಇಳಿಯುತ್ತದೆ. ರಿಫೈನರಿಯ ಕ್ಷಾರ ಅದನ್ನು ತೆಗೆದುಹಾಕುತ್ತದೆ. ಗಾಣದಲ್ಲಿ ಆ ಕಾವಲಿಲ್ಲ. ಹಾಗಾಗಿ ಗಾಣದ ಎಣ್ಣೆಯ ಗುಣ ನಿಂತಿರುವುದು ಮರದ ಒನಕೆಯ ಮೇಲಲ್ಲ, ಕಾಳಿನ ಮೇಲೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದ ವರ್ಷ, ಸರಿಯಾಗಿ ಒಣಗದ, ಮುರುಟಿದ, ಹಸಿರು-ಹಳದಿ ಬೂಷ್ಟು ಕೂತ ಕಾಳನ್ನು ಆರಿಸಿ ತೆಗೆಸದ ಗಾಣದಿಂದ ಎಣ್ಣೆ ಕೊಳ್ಳಬೇಡಿ. ಆರಿಸಿ ತೆಗೆದದ್ದನ್ನು ದನಕ್ಕೂ ಹಾಕಬೇಡಿ. ಹಾಲಿನಲ್ಲಿ ಆ ವಿಷ ನಮ್ಮ ಬಳಿಗೇ ತಿರುಗಿ ಬರುತ್ತದೆ.

ಲೇಬಲ್ಲಿನ ಮೇಲೊಂದು ಮಾತು. ಸಸ್ಯಜನ್ಯ ಎಣ್ಣೆಯ ಪ್ಯಾಕೆಟ್ಟಿನ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಮರುಳಾಗಬೇಡಿ. ಕೊಲೆಸ್ಟ್ರಾಲ್ ಇರುವುದು ಪ್ರಾಣಿಜನ್ಯ ಕೊಬ್ಬಿನಲ್ಲಿ; ಗಿಡದ ಎಣ್ಣೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಿಂಬದಿಯ ಸಣ್ಣಕ್ಷರ ಓದಿ: ಪರ್ಯಾಪ್ತ ಎಷ್ಟು, ಟ್ರಾನ್ಸ್ ಎಷ್ಟು, ಮಿಶ್ರ ಎಣ್ಣೆಯಾದರೆ ಯಾವುದರೊಡನೆ ಯಾವುದು.

ಬಾಣಲೆಯಲ್ಲಿ ಏನಾಗುತ್ತದೆ

ಈ ಸೀಮೆಯಲ್ಲಿ ಸಂಜೆಯಾದರೆ ಮಂಡಕ್ಕಿ-ಮೆಣಸಿನಕಾಯಿ ಇಲ್ಲದೆ ನಡೆಯದು. ಮುಂದಿನ ಸಲ ಅಂಗಡಿಯ ಮುಂದೆ ನಿಂತಾಗ ಬಾಣಲೆಯನ್ನು ಗಮನಿಸಿ. ಕಡಲೆಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಬಿದ್ದೊಡನೆ ಹಿಟ್ಟಿನ ನೀರು ಆವಿಯಾಗಿ ಗುಳ್ಳೆ ಏಳುತ್ತದೆ. ಹೊಸ ಎಣ್ಣೆಯಲ್ಲಿ ಗುಳ್ಳೆ ದೊಡ್ಡವು, ಎದ್ದ ಹಾಗೆ ಒಡೆಯುತ್ತವೆ. ಹಳೆಯ ಎಣ್ಣೆಯಲ್ಲಿ ಸಣ್ಣ ಗುಳ್ಳೆಗಳ ನೊರೆ ದಟ್ಟವಾಗಿ ಎದ್ದು ಅಂಚಿಗೆ ಏರುತ್ತದೆ, ಬೇಗ ಇಳಿಯುವುದಿಲ್ಲ. ಜಾಲರಿಯಿಂದ ತೊಟ್ಟಿಕ್ಕುವ ಎಣ್ಣೆ ಅಂಟಂಟಾಗಿ ಎಳೆಯುತ್ತದೆ. ಬಣ್ಣ ಕಪ್ಪಗೆ, ಬಾಣಲೆಯ ಅಂಚಿಗೆ ಗೋಂದಿನಂಥ ಪೊರೆ, ಸಣ್ಣ ಉರಿಗೇ ಹೊಗೆ, ಗಂಟಲು ಕೆರೆಯುವ ಕಮಟು.

ಶಾಖ, ಗಾಳಿ, ನೀರು ಮೂರೂ ಸೇರಿ ಎಣ್ಣೆಯನ್ನು ಒಡೆಯುವುದರ ಗುರುತು ಇದು. ಒಡೆದ ಚೂರುಗಳಲ್ಲಿ ಕೆಲವು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಕೆಲವು ಘಾಟು ಹೊಗೆಯಾಗುತ್ತವೆ. ಹೀಗೆ ಹುಟ್ಟಿದ್ದನ್ನೆಲ್ಲ 'ಒಟ್ಟು ಧ್ರುವೀಯ ಸಂಯುಕ್ತ' ಎಂದು ಅಳೆಯುತ್ತಾರೆ. ಅದು ಶೇ. 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಮಾಡುವ ಯೋಜನೆಯೂ ಅದೇ ವರ್ಷ ಶುರುವಾಯಿತು. ಜೋಡಿ ಬಂಧ ಹೆಚ್ಚಿದ್ದಷ್ಟೂ ಎಣ್ಣೆ ಬೇಗ ಒಡೆಯುತ್ತದೆ. ಆದ್ದರಿಂದ ತಣ್ಣಗೆ ನೋಡಿದಾಗ ಹೃದಯಕ್ಕೆ ಹಿತವೆನಿಸುವ ಸೂರ್ಯಕಾಂತಿ, ಕುಸುಬೆ ಎಣ್ಣೆ ಕರಿಯುವ ಬಾಣಲೆಗೆ ತಕ್ಕದ್ದಲ್ಲ. ಕರಿಯಲು ಶೇಂಗಾ ಎಣ್ಣೆ ವಾಸಿ. ಸೂರ್ಯಕಾಂತಿ ಒಗ್ಗರಣೆಗೆ, ಪಲ್ಯಕ್ಕೆ ಇರಲಿ. ಅಂಗಡಿಯವರು ಮಾಡುವ ದೊಡ್ಡ ತಪ್ಪು ಹಳೆಯದಕ್ಕೆ ಹೊಸ ಎಣ್ಣೆ ಸುರಿಯುತ್ತ ಹೋಗುವುದು. ಹಳೆಯದರಲ್ಲಿ ಕೆಟ್ಟಿರುವುದು ಹೊಸದನ್ನೂ ಬೇಗ ಕೆಡಿಸುತ್ತದೆ. ಗಿರಾಕಿ ಇಲ್ಲದಾಗ ಉರಿ ತಗ್ಗಿಸುವುದು, ಉದುರಿದ ಹಿಟ್ಟಿನ ಕಾಳುಗಳನ್ನು ಆಗಾಗ ತೆಗೆಯುವುದು ಖರ್ಚಿಲ್ಲದ ಉಪಾಯ. ಮನೆಯಲ್ಲಿ ಪೂರಿ ಕರಿದು ಉಳಿದ ಎಣ್ಣೆಯನ್ನು ಸೋಸಿಟ್ಟು ಒಂದೆರಡು ದಿನದೊಳಗೆ ಪಲ್ಯ-ಸಾರಿಗೆ ಬಳಸಿ ಮುಗಿಸಿ. ಮತ್ತೆ ಕರಿಯಲು ಬೇಡ.

ಐದು ಲೀಟರಿನ ಕ್ಯಾನು

ಎಷ್ಟು ಎಂಬ ಪ್ರಶ್ನೆ ಕೊನೆಗಿಟ್ಟುಕೊಂಡೆ, ಏಕೆಂದರೆ ಅದಕ್ಕೆ ಉತ್ತರ ನಿಮ್ಮ ಮನೆಯಲ್ಲೇ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ, 2,000 ಕಿಲೊ ಕ್ಯಾಲೊರಿಗೆ ಎಣ್ಣೆ-ತುಪ್ಪ ಸೇರಿ 27 ಗ್ರಾಂ ಇದೆ. ಒಂದು ದೊಡ್ಡ ಚಮಚ ಎಣ್ಣೆ ಸುಮಾರು 14 ಗ್ರಾಂ. ಅಂದರೆ ದಿನಕ್ಕೆ ಎರಡು ಚಮಚ. ನಾಲ್ವರ ಮನೆಗೆ ತಿಂಗಳಿಗೆ 3.24 ಕೆಜಿ, ಲೀಟರಿನಲ್ಲಿ ಸುಮಾರು ಮೂರೂವರೆ. ಐದು ಲೀಟರಿನ ಕ್ಯಾನು ತಿಂಗಳಿಗೆ ಮುಗಿಯುವ ನಾಲ್ವರ ಮನೆಯಲ್ಲಿ ತಲೆಗೆ ದಿನಕ್ಕೆ 38 ಗ್ರಾಂ ಬೀಳುತ್ತಿದೆ. ಇದರಲ್ಲಿ ತುಪ್ಪ-ಬೆಣ್ಣೆ ಸೇರಿಲ್ಲ. ಹೋಟೆಲಿನ ವಡೆ, ಬೇಕರಿಯ ಖಾರಾ ಬನ್, ಚಿಪ್ಸ್ ಪೊಟ್ಟಣವೂ ಸೇರಿಲ್ಲ. ಚಮಚ ಹಿಡಿದು ಅಳೆಯುವುದು ನಾಲ್ಕು ದಿನದ ಉತ್ಸಾಹ. ಕ್ಯಾನು ತೆರೆದ ದಿನಾಂಕವನ್ನು ಅದರ ಮೇಲೆ ಬರೆದಿಡಿ. ಮುಗಿದ ದಿನ ಲೆಕ್ಕ ತಾನೇ ಸಿಗುತ್ತದೆ.

ಅದೇ ಮಾದರಿ ತಟ್ಟೆಯಲ್ಲಿ ಬೀಜ-ಕಾಯಿಗಳಿಗೆ 35 ಗ್ರಾಂ ಜಾಗವಿದೆ ಎಂಬುದನ್ನು ಈ ಊರಿನವರು ವಿಶೇಷವಾಗಿ ಗಮನಿಸಬೇಕು. ಶೇಂಗಾವನ್ನು ಎಣ್ಣೆಯಾಗಿ ತಿಂದರೆ ಕೊಬ್ಬು ಮಾತ್ರ ಸಿಗುತ್ತದೆ. ಕಾಳಾಗಿ ತಿಂದರೆ ಕಾಲು ಭಾಗದಷ್ಟು ಪ್ರೋಟೀನ್, ನಾರು, ಮೆಗ್ನೀಷಿಯಂ ಜೊತೆಗೆ ಬರುತ್ತವೆ.

ಮುಂದೇನು?

ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತಿದೆ: ತಾಳೆ ಎಣ್ಣೆ ಇಂಡೊನೇಷ್ಯಾ, ಮಲೇಷ್ಯಾಗಳಿಂದ, ಸೂರ್ಯಕಾಂತಿ ಎಣ್ಣೆ ಉಕ್ರೇನ್, ರಷ್ಯಾಗಳಿಂದ. 2022ರಲ್ಲಿ ಅಲ್ಲಿ ಯುದ್ಧ ಹೊತ್ತಿಕೊಂಡಾಗ, ಏಪ್ರಿಲ್ ಕೊನೆಗೆ ಇಂಡೊನೇಷ್ಯಾ ರಫ್ತು ನಿಲ್ಲಿಸಿದಾಗ ನಮ್ಮ ದಿನಸಿ ಅಂಗಡಿಯಲ್ಲಿ ದರ ಹೇಗೆ ಜಿಗಿಯಿತು ಎಂಬುದು ನಿಮಗೆ ನೆನಪಿದೆ. 1986ರಲ್ಲಿ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ಶುರುವಾದ ಮೇಲೆ ಸ್ವಾವಲಂಬನೆಯ ಹತ್ತಿರ ಹೋಗಿದ್ದ ದೇಶ, ಅಗ್ಗದ ಆಮದಿಗೆ ಬಾಗಿಲು ತೆರೆದ ಮೇಲೆ ಹಿಂದೆ ಸರಿಯಿತು. ಅದರ ಪೆಟ್ಟು ಯಾವ ಮಿಲ್ಲುಗಳ ಮೇಲೆ, ಯಾವ ಹೊಲಗಳ ಮೇಲೆ ಬಿತ್ತು ಎಂದು ಚಳ್ಳಕೆರೆಗೆ ನಾನು ಹೇಳಬೇಕಿಲ್ಲ. ಜನ ತಿನ್ನುವ ಎಣ್ಣೆ ಯಾವುದೆಂದು ಬಹುಮಟ್ಟಿಗೆ ತೀರ್ಮಾನವಾಗುವುದು ಆಮದು ಸುಂಕದ ಕಡತದಲ್ಲಿ, ಪಡಿತರದ ಟೆಂಡರಿನಲ್ಲಿ. ಮಾರಿಷಸ್ ಅದನ್ನು ಜನರ ಹೃದಯದ ಕಡೆ ನೋಡಿ ಬರೆಯಿತು. ನಾವು ಬಹುತೇಕ ಬೆಲೆಯನ್ನಷ್ಟೇ ನೋಡಿ ಬರೆಯುತ್ತಿದ್ದೇವೆ.

ಸುಂಕದ ಕಡತ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದನ್ನು ಹೇಳಿ ಮುಗಿಸುತ್ತೇನೆ. ಮಿಲ್ಲು, ಗಾಣದವರು ತಮ್ಮ ಎಣ್ಣೆಯನ್ನು ಅಫ್ಲಟಾಕ್ಸಿನ್ ಪರೀಕ್ಷೆಗೆ ಕಳಿಸಿ, ಫಲಿತಾಂಶವನ್ನು ಅಂಗಡಿಯ ಗೋಡೆಗೆ ಅಂಟಿಸಲಿ. ದೊಡ್ಡ ಕಂಪನಿಗಳ ಜಾಹೀರಾತಿಗೆ ಅದಕ್ಕಿಂತ ಗಟ್ಟಿ ಉತ್ತರವಿಲ್ಲ. ಈ ಕಾಲೇಜಿನ ರಸಾಯನಶಾಸ್ತ್ರ ವಿಭಾಗ ಕರಿದ ಎಣ್ಣೆ ಅಳೆಯುವ ಪರೀಕ್ಷಾ ಪಟ್ಟಿಗಳನ್ನು ತರಿಸಿ, ವಿದ್ಯಾರ್ಥಿಗಳ ಕೈಯಲ್ಲಿ ಊರಿನ ಬಾಣಲೆಗಳನ್ನು ಪರೀಕ್ಷಿಸಲಿ. ದಂಡ ಹಾಕುವುದಕ್ಕಲ್ಲ, ಅಂಗಡಿಯವರಿಗೆ ತಿಳಿಸಿಕೊಡುವುದಕ್ಕೆ. ಹಳೆಯ ಎಣ್ಣೆ ಕೊಳ್ಳುವವರನ್ನು ಅವರಿಗೆ ಜೋಡಿಸಿಕೊಡುವ ಕೆಲಸ ನಗರಸಭೆ ಮಾಡಬಹುದು. ಚೆಲ್ಲಿದರೆ ನಷ್ಟ, ಮಾರಿದರೆ ಒಂದಿಷ್ಟು ಕಾಸು ಎಂದಾದಾಗ ಕೆಟ್ಟ ಎಣ್ಣೆ ಬಾಣಲೆಯಿಂದ ತಾನಾಗಿ ಇಳಿಯುತ್ತದೆ. ಈ ಉಪನ್ಯಾಸಕ್ಕೆ ಆಧಾರವಾದ ದತ್ತಿಯ ಬಡ್ಡಿ ಹಣದಲ್ಲಿ ಪ್ರತಿವರ್ಷ ಒಂದು ಉಪನ್ಯಾಸದ ಜೊತೆಗೆ ಇಂಥ ಒಂದು ಪರೀಕ್ಷೆಯೂ ನಡೆಯಲಿ ಎಂದು ದಾನಿಗಳ ಕುಟುಂಬದವರಲ್ಲಿ ಕೇಳಿಕೊಳ್ಳುತ್ತೇನೆ. ಮುಂದಿನ ವರ್ಷ ಈ ವೇದಿಕೆಗೆ ಬರುವವರು ಹೊರದೇಶದ ಅಂಕಿಅಂಶ ಹೇಳುವ ಬದಲು, ನಿಮ್ಮದೇ ಊರಿನ ಬಾಣಲೆಗಳ ಲೆಕ್ಕ ಇಟ್ಟುಕೊಂಡು ಮಾತನಾಡುವಂತಾಗಲಿ.